ಪೊರೆ ಎಣ್ಣೆಯದ್ದಾದರೆ ಮಾವಿನ ಮಿಡಿ ನೀರು ಬಿಡುವುದು ಹೇಗೆ?

ಪ್ರಶ್ನೆ — ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠ ಮಾಡುತ್ತಿದ್ದೇನೆ. ಕಳೆದ ವಾರ ಕೋಶಪೊರೆಯ ಬಗ್ಗೆ ಹೇಳುವಾಗ, ಅದು ಎರಡು ಪದರಗಳ ಲಿಪಿಡ್‌ನಿಂದ, ಅಂದರೆ ಎಣ್ಣೆ ಮತ್ತು ಕೊಬ್ಬಿನ ಜಾತಿಗೆ ಸೇರಿದ ವಸ್ತುವಿನಿಂದ ಆಗಿದೆ ಎಂದು ತಿಳಿಸಿದ್ದೆ. ಮರುದಿನ ಅಭಿಸರಣೆಯನ್ನು ವಿವರಿಸಲು ನಮ್ಮ ಕಡೆಯ ಮಕ್ಕಳೆಲ್ಲರೂ ಕಂಡಿರುವ ಉದಾಹರಣೆಯನ್ನೇ ತೆಗೆದುಕೊಂಡೆ. ಅಪ್ಪೆಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿ ಇಟ್ಟರೆ ಕೆಲವು ದಿನಗಳಲ್ಲಿ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಕೋಶದೊಳಗಿನ ನೀರು ಪೊರೆಯನ್ನು ದಾಟಿ ಉಪ್ಪು ಹೆಚ್ಚಿರುವ ಕಡೆಗೆ ಹೋಗುವುದೇ ಇದಕ್ಕೆ ಕಾರಣ ಎಂದು ಹೇಳಿದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ನಿನ್ನೆ ಪೊರೆ ಎಣ್ಣೆಯದ್ದು ಅಂದಿರಿ. ಎಣ್ಣೆಯೊಳಗೆ ನೀರು ಇಳಿಯುವುದಿಲ್ಲವಲ್ಲ, ಮತ್ತೆ ಮಿಡಿಯ ನೀರು ಹೊರಗೆ ಬಂದದ್ದು ಹೇಗೆ?" ಎಂದು ಕೇಳಿದ.

ಪೊರೆಯು ಕೆಲವು ವಸ್ತುಗಳನ್ನು ಮಾತ್ರ ಆಯ್ದು ಒಳಗೆ, ಹೊರಗೆ ಬಿಡುತ್ತದೆ ಎಂದು ಪುಸ್ತಕದಲ್ಲಿರುವ ಮಾತನ್ನೇ ನಾನು ಹೇಳಿದೆ. ಹೇಳುತ್ತಿರುವಾಗಲೇ ಅದು ಉತ್ತರವಲ್ಲ, ಪ್ರಶ್ನೆಗೆ ಇಟ್ಟ ಇನ್ನೊಂದು ಹೆಸರು ಎಂದು ನನಗೆ ಅನ್ನಿಸಿತು. ನನ್ನ ಪದವಿ ಭೌತಶಾಸ್ತ್ರ ಮತ್ತು ಗಣಿತದಲ್ಲಿ ಆದದ್ದು. ಜೀವಶಾಸ್ತ್ರವನ್ನು ಪಾಠ ಮಾಡುತ್ತಲೇ ಕಲಿತವಳು. ಆ ಹುಡುಗನಿಗೆ ಸೋಮವಾರ ಸರಿಯಾದ ಉತ್ತರ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.

ಇದರ ಜೊತೆಗೆ ನನ್ನದೇ ಆದ ಇನ್ನೊಂದು ಸಂದೇಹವೂ ಇದೆ. ಪೊರೆಯಲ್ಲಿರುವ ಲಿಪಿಡ್ ಅಣುಗಳು ಒಂದಕ್ಕೊಂದು ರಾಸಾಯನಿಕ ಬಂಧದಿಂದ ಬೆಸೆದುಕೊಂಡಿಲ್ಲ ಎಂದು ಓದಿದೆ. ಒಳಗೂ ನೀರು, ಹೊರಗೂ ನೀರು, ನಡುವೆ ಎರಡೇ ಅಣುಗಳಷ್ಟು ದಪ್ಪದ, ಬೆಸುಗೆಯೇ ಇಲ್ಲದ ಹಾಳೆ. ಅದು ಚದುರಿಹೋಗದೆ ಒಂದು ಜೀವಿಯ ಆಯುಷ್ಯದುದ್ದಕ್ಕೂ ನಿಲ್ಲುವುದಾದರೂ ಹೇಗೆ? ತಿಳಿದವರು ವಿವರವಾಗಿಯೇ ಬರೆಯಿರಿ; ಮಕ್ಕಳಿಗೆ ಬೇಕಾದಷ್ಟನ್ನು ನಾನು ಆಯ್ದುಕೊಳ್ಳುತ್ತೇನೆ.

ಉತ್ತರ 1 — ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ

ಮೇಡಂ, ನಿಮ್ಮ ಎರಡನೆಯ ಸಂದೇಹದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಬಿಡಿಸಿಕೊಂಡರೆ ಹುಡುಗನ ಪ್ರಶ್ನೆಗೆ ಅರ್ಧ ದಾರಿ ಸಿಕ್ಕಂತೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಪೊರೆಯನ್ನು ಹಿಡಿದಿಟ್ಟಿರುವುದು ಲಿಪಿಡ್ ಅಲ್ಲ, ಅದರ ಸುತ್ತಲಿನ ನೀರು. ಪೊರೆಯ ಚಿತ್ರ ಬರೆಯುವಾಗ ನಾವು ಲಿಪಿಡ್ ಅಣುಗಳನ್ನು ಸಾಲಾಗಿ ಬರೆದು ನೀರಿನ ಜಾಗವನ್ನು ಖಾಲಿ ಬಿಡುತ್ತೇವೆ. ಹೀಗಾಗಿ ಕೆಲಸ ಮಾಡುವವರನ್ನೇ ಚಿತ್ರದಿಂದ ಹೊರಗಿಟ್ಟಂತಾಗುತ್ತದೆ.

ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್ ಪರಮಾಣುವಿಗೆ ಎರಡು ಹೈಡ್ರೋಜನ್ ಪರಮಾಣುಗಳು ಸುಮಾರು 104.5 ಡಿಗ್ರಿ ಕೋನದಲ್ಲಿ ಸೇರಿಕೊಂಡಿರುತ್ತವೆ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಹೆಚ್ಚು ಎಳೆದುಕೊಳ್ಳುವುದರಿಂದ ಆ ತುದಿಗೆ ಸ್ವಲ್ಪ ಋಣ ವಿದ್ಯುದಂಶವೂ ಹೈಡ್ರೋಜನ್‌ಗಳ ತುದಿಗೆ ಸ್ವಲ್ಪ ಧನ ವಿದ್ಯುದಂಶವೂ ಬರುತ್ತದೆ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ ಕಡೆಗೆ ಸೆಳೆಯಲ್ಪಟ್ಟಾಗ ಉಂಟಾಗುವುದೇ ಹೈಡ್ರೋಜನ್ ಬಂಧ. ನೀರಿನ ಅಣುವಿನ ಒಳಗೆ ಆಕ್ಸಿಜನ್ ಮತ್ತು ಹೈಡ್ರೋಜನ್‌ಗಳ ನಡುವಿರುವ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 460 ಕಿಲೋಜೂಲ್ ಬೇಕಾದರೆ, ಅಣುಅಣುಗಳ ನಡುವಿನ ಈ ಹೈಡ್ರೋಜನ್ ಬಂಧಕ್ಕೆ ಬೇಕಾಗುವುದು 20 ಕಿಲೋಜೂಲ್‌ನ ಆಸುಪಾಸು ಮಾತ್ರ. ಒಂದೊಂದು ಬಂಧವೂ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಅಳತೆಯ ಅವಧಿಯಲ್ಲಿ ಮುರಿದು ಇನ್ನೊಂದು ನೆರೆಯ ಅಣುವಿನೊಂದಿಗೆ ಕೂಡಿಕೊಳ್ಳುತ್ತಲೇ ಇರುತ್ತದೆ. ಒಂದೊಂದಾಗಿ ನೋಡಿದರೆ ದುರ್ಬಲವಾದರೂ ಇಡೀ ನೀರಿನ ತುಂಬ ಹಬ್ಬಿರುವ ಈ ಜಾಲವೇ ಜೀವಕೋಶದ ಆಕಾರಕ್ಕೆ ಆಧಾರ.

ಈಗ ಆ ಜಾಲದೊಳಗೆ ಎಣ್ಣೆಯ ಅಣುವನ್ನು ಇಟ್ಟು ನೋಡಿ. ಅದರ ಕಾರ್ಬನ್ ಸರಪಳಿಯಲ್ಲಿ ವಿದ್ಯುದಂಶದ ಏರುಪೇರು ಇಲ್ಲ. ನೀರು ಅದರೊಂದಿಗೆ ಹೈಡ್ರೋಜನ್ ಬಂಧ ಮಾಡಿಕೊಳ್ಳಲಾರದು. ಎಣ್ಣೆಯನ್ನು ಮುಟ್ಟಿಕೊಂಡಿರುವ ನೀರಿನ ಅಣುಗಳು ಉಳಿದ ನೆರೆಯ ಅಣುಗಳೊಂದಿಗಿನ ಬಂಧಗಳನ್ನು ಕಳೆದುಕೊಳ್ಳದಿರಬೇಕಾದರೆ ಕೆಲವೇ ಭಂಗಿಗಳಲ್ಲಿ ನಿಲ್ಲಬೇಕಾಗುತ್ತದೆ. ಬೇಕಾದತ್ತ ಹೊರಳುವ ಅವುಗಳ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಭೌತಶಾಸ್ತ್ರ ಓದಿದ ನಿಮಗೆ ಇದನ್ನು ಎಂಟ್ರೊಪಿಯ ಇಳಿಕೆ ಎಂದರೆ ತಕ್ಷಣ ಹೊಳೆಯುತ್ತದೆ. ಎರಡು ಎಣ್ಣೆಹನಿಗಳು ಕೂಡಿ ಒಂದಾದಾಗ ನೀರಿಗೆ ಒಡ್ಡಿಕೊಂಡ ಮೇಲ್ಮೈ ಕಡಿಮೆಯಾಗಿ, ಹಾಗೆ ಕಟ್ಟುಬಿದ್ದಿದ್ದ ನೀರಿನ ಅಣುಗಳಲ್ಲಿ ಒಂದಷ್ಟು ಬಿಡುಗಡೆ ಹೊಂದುತ್ತವೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆಹನಿಗಳು ಒಂದರೊಳಗೊಂದು ಸೇರಿ ದೊಡ್ಡವಾಗುವುದಕ್ಕೆ ಮುಖ್ಯ ಕಾರಣ ಇದೇ. ಎಣ್ಣೆಗೆ ನೀರನ್ನು ಕಂಡರಾಗದು ಎಂದು ನಾನೇ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದುಂಟು. ಅದು ತಪ್ಪು ಚಿತ್ರ. ಎಣ್ಣೆಯ ಅಣುವಿಗೂ ನೀರಿನ ಅಣುವಿಗೂ ನಡುವೆ ಸಣ್ಣ ಸೆಳೆತ ಇದ್ದೇ ಇದೆ. ಆದರೆ ನೀರಿಗೆ ನೀರಿನ ಮೇಲಿರುವ ಸೆಳೆತ ಅದಕ್ಕಿಂತ ಬಹಳ ಹೆಚ್ಚು.

ಪೊರೆಯ ಫಾಸ್ಫೋಲಿಪಿಡ್ ಪೂರ್ತಿ ಎಣ್ಣೆಯಲ್ಲ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿ. ಅಡುಗೆ ಎಣ್ಣೆಯಲ್ಲಿ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲದ ಬಾಲಗಳಿವೆ. ಫಾಸ್ಫೋಲಿಪಿಡ್‌ನಲ್ಲಿ ಬಾಲಗಳು ಎರಡೇ. ಮೂರನೆಯದರ ಜಾಗದಲ್ಲಿ ವಿದ್ಯುದಂಶವುಳ್ಳ ಫಾಸ್ಫೇಟ್ ಗುಂಪು ಕೂತಿರುತ್ತದೆ. ಈ ತಲೆ ನೀರಿನೊಂದಿಗೆ ಚೆನ್ನಾಗಿ ಬೆರೆಯುತ್ತದೆ, ಬಾಲಗಳು ಬೆರೆಯುವುದಿಲ್ಲ. ಇಂಥ ಅಣುಗಳನ್ನು ನೀರಿಗೆ ಹಾಕಿದಾಗ ಬಾಲಗಳೆಲ್ಲ ಒಳಕ್ಕೂ ತಲೆಗಳೆಲ್ಲ ನೀರಿನತ್ತಲೂ ತಿರುಗುವುದೊಂದೇ ಅವುಗಳಿಗೆ ಹೊಂದುವ ಜೋಡಣೆ.

ಸಾಬೂನಿನ ಅಣುವಿಗೂ ತಲೆ ಮತ್ತು ಬಾಲಗಳಿವೆ, ಅದೇಕೆ ಹಾಳೆಯಾಗುವುದಿಲ್ಲ ಎಂದು ಯಾರಾದರೂ ಕೇಳಬಹುದು. ಕಾರಣ ಆಕಾರದಲ್ಲಿದೆ. ಸಾಬೂನಿಗೆ ಒಂದೇ ಬಾಲ; ದಪ್ಪ ತಲೆ, ಸಪೂರ ಬಾಲ ಸೇರಿ ಅದು ಶಂಕುವಿನ ಹಾಗಿರುತ್ತದೆ. ಶಂಕುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಉಂಡೆಯಾಗುತ್ತದೆ. ಎರಡು ಬಾಲಗಳ ಫಾಸ್ಫೋಲಿಪಿಡ್ ಹೆಚ್ಚುಕಡಿಮೆ ಕಂಬದ ಹಾಗಿರುತ್ತದೆ. ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ಚಪ್ಪಟೆ ಹಾಳೆಯಾಗುತ್ತದೆ. ಹಾಳೆಗೆ ಅಂಚು ಇರುವವರೆಗೂ ಆ ಅಂಚಿನಲ್ಲಿ ಬಾಲಗಳು ನೀರಿಗೆ ತಗುಲುತ್ತವೆ. ಆದ್ದರಿಂದ ಹಾಳೆ ತಾನಾಗಿಯೇ ಬಾಗಿ, ಅಂಚೇ ಇಲ್ಲದಂತೆ ಮುಚ್ಚಿಕೊಂಡು ಪುಟ್ಟ ಚೀಲವಾಗುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಅವರು 1960ರ ದಶಕದಲ್ಲಿ ಲೆಸಿಥಿನ್ ಎಂಬ ಫಾಸ್ಫೋಲಿಪಿಡ್ಡನ್ನು ನೀರಿನೊಂದಿಗೆ ಬೆರೆಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಯಾವ ಜೀವಿಯ ಸಹಾಯವೂ ಇಲ್ಲದೆ ಇಂಥ ಮುಚ್ಚಿದ ಚೀಲಗಳು ತಾವಾಗಿಯೇ ಆಗಿರುವುದು ಕಂಡಿತು. ಅವನ್ನೇ ಈಗ ಲಿಪೊಸೋಮ್ ಎನ್ನುತ್ತಾರೆ. ಔಷಧವನ್ನು ತುಂಬಿ ದೇಹದೊಳಗೆ ಕಳುಹಿಸಲು ಬಳಸುತ್ತಾರೆ.

ಹೀಗೆ, ಬೆಸುಗೆ ಇಲ್ಲದಿರುವುದು ಪೊರೆಯ ದೌರ್ಬಲ್ಯವಲ್ಲ. ಬೆಸೆದ ಹಾಳೆ ಹರಿದರೆ ಹರಿದಂತೆಯೇ. ಬೆಸೆಯದ ಈ ಹಾಳೆಯಲ್ಲಿ ತೂತಾದರೆ ತೂತಿನ ಅಂಚಿನ ಬಾಲಗಳನ್ನು ನೀರು ಮತ್ತೆ ಒಳಕ್ಕೆ ತಳ್ಳುತ್ತದೆ, ತೂತು ಮುಚ್ಚಿಕೊಳ್ಳುತ್ತದೆ. ನೀರು ಪೊರೆಯನ್ನು ಹೇಗೆ ದಾಟುತ್ತದೆ ಎಂಬುದನ್ನು ಜೀವಶಾಸ್ತ್ರದವರೇ ಹೇಳಿದರೆ ಒಳ್ಳೆಯದು.

ಉತ್ತರ 2 — ಕೋಶಜೀವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಸರ್ ಹೇಳಿದ್ದಕ್ಕೆ ಒಂದು ಸಣ್ಣ ಸೇರ್ಪಡೆ ಮಾಡಿ ಮುಂದುವರಿಯುತ್ತೇನೆ. ಸಣ್ಣ ತೂತು ತಾನಾಗಿ ಮುಚ್ಚಿಕೊಳ್ಳುವುದು ಶುದ್ಧ ಲಿಪಿಡ್ ಚೀಲದ ಮಟ್ಟಿಗೆ ಪೂರ್ತಿ ನಿಜ. ಜೀವಂತ ಕೋಶದಲ್ಲಿ ದೊಡ್ಡ ಗಾಯವಾದಾಗ ಹೊರಗಿನಿಂದ ನುಗ್ಗುವ ಕ್ಯಾಲ್ಸಿಯಂ ಅಯಾನುಗಳೇ ಎಚ್ಚರಿಕೆಯ ಸಂಕೇತವಾಗಿ, ಕೋಶದೊಳಗಿನ ಪುಟ್ಟ ಚೀಲಗಳು ಬಂದು ಗಾಯದ ಜಾಗದಲ್ಲಿ ಕೂಡಿಕೊಂಡು ತೇಪೆ ಹಾಕುತ್ತವೆ. ರಸಾಯನಶಾಸ್ತ್ರದ ನಿಯಮದ ಮೇಲೆ ಜೀವಕೋಶ ತನ್ನ ಏರ್ಪಾಡನ್ನೂ ಕಟ್ಟಿಕೊಂಡಿದೆ.

ಆ ಹುಡುಗ ಕೇಳಿದ ಪ್ರಶ್ನೆಯನ್ನು ವಿಜ್ಞಾನಿಗಳೂ ದಶಕಗಳ ಕಾಲ ಕೇಳಿಕೊಂಡಿದ್ದರು. ಅವನಿಗೆ ಇದನ್ನು ಮೊದಲು ಹೇಳಿ, ಮೇಡಂ. ಉತ್ತರಕ್ಕೆ ಎರಡು ಭಾಗಗಳಿವೆ. ಮೊದಲನೆಯದು, ನೀರು ಎಣ್ಣೆಯ ಪದರವನ್ನು ದಾಟುವುದೇ ಇಲ್ಲ ಎಂಬುದು ಸರಿಯಲ್ಲ. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಇಂಥ 20,000 ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ದಪ್ಪವಾದೀತು. ಅದರಲ್ಲೂ ಬಾಲಗಳಿರುವ ಎಣ್ಣೆಯ ಭಾಗ 3 ನ್ಯಾನೋಮೀಟರ್‌ನಷ್ಟೇ. ನೀರಿನ ಅಣು ತೀರ ಚಿಕ್ಕದು, ಅದರ ಮೇಲೆ ಪೂರ್ಣ ವಿದ್ಯುದಂಶವೂ ಇಲ್ಲ. ಬಾಲಗಳು ಸದಾ ಅಲುಗಾಡುತ್ತಿರುವುದರಿಂದ ಅವುಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ನೀರಿನ ಅಣು ನುಸುಳಿ ಆಚೆಗೆ ಹೋಗುತ್ತದೆ. ಅಡುಗೆಮನೆಯ ಎಣ್ಣೆಯ ಪದರ ಇದಕ್ಕಿಂತ ಲಕ್ಷಾಂತರ ಪಟ್ಟು ದಪ್ಪವಾದ್ದರಿಂದ ಅಲ್ಲಿ ಈ ನುಸುಳುವಿಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸೋಡಿಯಂ ಅಯಾನಿನ ಕಥೆ ಬೇರೆ. ಅದು ಪೂರ್ಣ ವಿದ್ಯುದಂಶವನ್ನು ಹೊತ್ತು, ನೀರಿನ ಅಣುಗಳ ಗುಂಪನ್ನೇ ಮೈಗಂಟಿಸಿಕೊಂಡಿರುತ್ತದೆ. ಶುದ್ಧ ಲಿಪಿಡ್ ಪದರವನ್ನು ದಾಟಲು ಅದಕ್ಕೆ ನೀರಿಗಿಂತ ನೂರು ಕೋಟಿ ಪಟ್ಟಿಗೂ ಹೆಚ್ಚು ಕಷ್ಟ. ಮಿಡಿಯ ನೀರು ಹೊರಗೆ ಬರುತ್ತದೆ, ಆದರೆ ಉಪ್ಪು ಅಷ್ಟೇ ಸಲೀಸಾಗಿ ಒಳಗೆ ಹೋಗಿ ಎರಡೂ ಕಡೆ ಸಮವಾಗಿಬಿಡುವುದಿಲ್ಲ ಎಂಬುದಕ್ಕೆ ಈ ಅಂತರವೇ ಕಾರಣ.

ಎರಡನೆಯ ಭಾಗ ಇನ್ನೂ ಸೊಗಸಾದದ್ದು. ನುಸುಳುವಿಕೆಯ ಲೆಕ್ಕ ಹಾಕಿದರೆ ಕೆಲವು ಕೋಶಗಳಲ್ಲಿ ನೀರು ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ದಾಟುತ್ತಿತ್ತು. ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಅದು ಕ್ಷಣಮಾತ್ರದಲ್ಲಿ ಉಬ್ಬಿ ಒಡೆಯುತ್ತದೆ. ಪಾದರಸದ ಲವಣಗಳನ್ನು ಸೇರಿಸಿದರೆ ಆ ವೇಗ ಬಹಳ ಇಳಿದುಹೋಗುತ್ತದೆ. ಪಾದರಸ ಪ್ರೋಟೀನುಗಳಿಗೆ ಅಂಟಿಕೊಳ್ಳುವ ಧಾತುವಾದ್ದರಿಂದ, ನೀರಿಗೆಂದೇ ಪ್ರೋಟೀನಿನ ಬಾಗಿಲೊಂದು ಇರಬೇಕೆಂಬ ಅನುಮಾನ ಹಳೆಯದು. ಆ ಬಾಗಿಲು ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಆಗ್ರೆ ಅವರು ಆರ್‌ಎಚ್ ರಕ್ತದ ಗುಂಪಿಗೆ ಸಂಬಂಧಿಸಿದ ಪ್ರೋಟೀನನ್ನು ಕೆಂಪು ರಕ್ತಕಣಗಳಿಂದ ಬೇರ್ಪಡಿಸುತ್ತಿದ್ದಾಗ, 28 ಕಿಲೋಡಾಲ್ಟನ್ ತೂಕದ ಇನ್ನೊಂದು ಪ್ರೋಟೀನು ಮತ್ತೆ ಮತ್ತೆ ಜೊತೆಯಲ್ಲಿ ಬರುತ್ತಿತ್ತು. ಅದನ್ನು ಬರೀ ಕಶ್ಮಲವೆಂದು ತೊಳೆದು ಹಾಕದೆ, ಅದರ ಕೆಲಸವೇನೆಂದು ಅವರು ಬೆನ್ನು ಹತ್ತಿದರು.

1992ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೂ ಹೇಳಬಹುದು. ಕ್ಸೆನೋಪಸ್ ಎಂಬ ಆಫ್ರಿಕದ ಕಪ್ಪೆಯ ಮೊಟ್ಟೆಗಳು ಸಿಹಿನೀರಿನಲ್ಲಿಯೇ ಇಡಲ್ಪಡುವುದರಿಂದ ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಇಂಥ ಮೊಟ್ಟೆಯಾಗಲಿರುವ ಕೋಶಗಳಿಗೆ ಆ ಪ್ರೋಟೀನನ್ನು ತಯಾರಿಸುವ ಆರ್‌ಎನ್‌ಎಯನ್ನು ಚುಚ್ಚಿ, ಕೆಲವು ದಿನ ಬಿಟ್ಟು, ಲವಣಾಂಶ ತೀರ ಕಡಿಮೆ ಇರುವ ನೀರಿಗೆ ಹಾಕಿದರು. ಚುಚ್ಚದೆ ಬಿಟ್ಟ ಕೋಶಗಳು ಹಾಗೆಯೇ ಇದ್ದವು. ಚುಚ್ಚಿದವು ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆದವು. ಈ ಪ್ರೋಟೀನಿಗೆ ಅಕ್ವಾಪೊರಿನ್ ಎಂದು ಹೆಸರಾಯಿತು. 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಆಗ್ರೆ ಅವರು, ಅಯಾನುಗಳ ಕಾಲುವೆಗಳ ರಚನೆಯನ್ನು ಬಿಡಿಸಿದ ರಾಡರಿಕ್ ಮೆಕಿನನ್ ಅವರೊಂದಿಗೆ ಹಂಚಿಕೊಂಡರು.

ಅಕ್ವಾಪೊರಿನ್ ಎಂಬುದು ಪೊರೆಯ ಈ ಬದಿಯಿಂದ ಆ ಬದಿಗೆ ಹಾಯ್ದಿರುವ ಸಣ್ಣ ಸುರಂಗ. ಅದರ ತೀರ ಇಕ್ಕಟ್ಟಾದ ಜಾಗದ ಅಗಲ ನೀರಿನ ಒಂದು ಅಣುವಿನಷ್ಟೇ. ಅಣುಗಳು ಒಂದರ ಹಿಂದೊಂದು ಸಾಲಾಗಿ, ಒಂದು ಸುರಂಗದಲ್ಲಿ ಸೆಕೆಂಡಿಗೆ 300 ಕೋಟಿಯಷ್ಟು ಹಾದುಹೋಗಬಲ್ಲವು. ಹಾಗೆ ಹೋಗುವಾಗ ಸಾಲಿನ ನಡುವೆ ಅಣುಗಳು ಹೊರಳುವಂತೆ ಸುರಂಗದ ಗೋಡೆಯ ವಿದ್ಯುದಂಶಗಳು ಮಾಡುವುದರಿಂದ, ನೀರಿನ ಸರಪಳಿಯ ಮೇಲೆ ಜಿಗಿದು ಸಾಗುವ ಪ್ರೋಟಾನ್ (ಹೈಡ್ರೋಜನ್ ಅಯಾನು) ಮಾತ್ರ ದಾಟಲಾರದು. ಇದು ಬಹಳ ಮುಖ್ಯ, ಏಕೆಂದರೆ ಪ್ರೋಟಾನುಗಳು ಎಲ್ಲೆಂದರಲ್ಲಿ ಸೋರಿದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಎಂಬ ಭಾಗ, ಶಕ್ತಿಯನ್ನು ಹೊತ್ತೊಯ್ಯುವ ಎಟಿಪಿ ಎಂಬ ಅಣುವನ್ನು ತಯಾರಿಸಲು ಬಳಸುವ ಪ್ರೋಟಾನುಗಳ ಏರುಪೇರೇ ಉಳಿಯುವುದಿಲ್ಲ. ಒಂದು ಕೆಂಪು ರಕ್ತಕಣದ ಪೊರೆಯಲ್ಲಿ ಇಂಥ ಅಕ್ವಾಪೊರಿನ್‌ಗಳು ಸುಮಾರು 2 ಲಕ್ಷ ಇವೆ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರ್‌ನಷ್ಟನ್ನು ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನು ಹಿಂದಕ್ಕೆ ಎಳೆದುಕೊಳ್ಳುವುದು ಈ ಸುರಂಗಗಳಿಂದಲೇ ಸಾಧ್ಯವಾಗಿದೆ. ಸಸ್ಯಗಳಲ್ಲೂ ಇವು ಇವೆ, ಕೋಶಪೊರೆಯಲ್ಲೂ, ಕೋಶದೊಳಗೆ ರಸ ತುಂಬಿಕೊಂಡಿರುವ ಚೀಲವಾದ ರಸದಾನಿಯ ಸುತ್ತಲಿನ ಪೊರೆಯಲ್ಲೂ. ಆದ್ದರಿಂದ ಮಾವಿನ ಮಿಡಿಗೂ ಈ ಮಾತು ಸಲ್ಲುತ್ತದೆ.

ಪೊರೆ ಎರಡು ಪದರಗಳದ್ದು ಎಂದು ತಿಳಿದದ್ದು ಹೇಗೆ ಎಂದು ಮಕ್ಕಳು ಕೇಳಿದರೆ ಅದಕ್ಕೂ ಒಳ್ಳೆಯ ಉತ್ತರವಿದೆ. ಲಂಡನ್ನಿನ ಕ್ಲಾಪಮ್ ಮೈದಾನದ ಕೊಳದಲ್ಲಿ ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದ ಎಣ್ಣೆ ಅರ್ಧ ಎಕರೆಯವರೆಗೂ ಹರಡಿ ಅಲೆಗಳನ್ನು ತಣಿಸಿದ್ದನ್ನು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲಿ ಪ್ರಕಟಿಸಿದರು. ನಮ್ಮ ಲೆಕ್ಕದಲ್ಲಿ ಅದು ಇಪ್ಪತ್ತು ಗುಂಟೆ. 5 ಮಿಲಿಲೀಟರನ್ನು ಸುಮಾರು 2,000 ಚದರ ಮೀಟರಿನಿಂದ ಭಾಗಿಸಿದರೆ ಪದರದ ದಪ್ಪ 2.5 ನ್ಯಾನೋಮೀಟರ್ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಅಣುವಿನ ಉದ್ದ. ಈ ಭಾಗಾಕಾರವನ್ನು ಫ್ರಾಂಕ್ಲಿನ್ ಮಾಡಲಿಲ್ಲ; ನಿಮ್ಮ ಮಕ್ಕಳು ಮಾಡಬಲ್ಲರು. 1925ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪು ರಕ್ತಕಣಗಳ ಲಿಪಿಡ್ಡನ್ನು ಅಸಿಟೋನ್‌ನಿಂದ ಹೊರತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದಾಗ, ಅದರ ವಿಸ್ತೀರ್ಣ ಕಣಗಳ ಮೇಲ್ಮೈಯ ಎರಡರಷ್ಟಿತ್ತು. ಹಾಗಾದರೆ ಪೊರೆಯಲ್ಲಿ ಪದರಗಳು ಎರಡು. ಅವರು ಲಿಪಿಡ್ಡನ್ನು ಪೂರ್ತಿ ಹೊರತೆಗೆದಿರಲಿಲ್ಲ, ಕಣಗಳ ಮೇಲ್ಮೈಯನ್ನೂ ಕಡಿಮೆ ಅಳೆದಿದ್ದರು. ಎರಡು ತಪ್ಪುಗಳೂ ಒಂದನ್ನೊಂದು ಸರಿದೂಗಿಸಿದವು ಎಂಬುದು ಆಮೇಲೆ ತಿಳಿಯಿತು. ಕೆಂಪು ರಕ್ತಕಣವನ್ನು ಆರಿಸಿಕೊಂಡದ್ದು ಮಾತ್ರ ಜಾಣತನ: ಸಸ್ತನಿಗಳಲ್ಲಿ ಅದಕ್ಕೆ ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯವಿಲ್ಲ, ಬೇರೆ ಒಳಪೊರೆಗಳೂ ಇಲ್ಲ, ಸಿಕ್ಕ ಲಿಪಿಡ್ ಎಲ್ಲ ಹೊರಪೊರೆಯದ್ದೇ.

ಉತ್ತರ 3 — ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕ, ಪುತ್ತೂರು

ಇಬ್ಬರೂ ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಆದರೆ ಮೂಲ ಉದಾಹರಣೆಯ ಬಗ್ಗೆಯೇ ಒಂದು ಎಚ್ಚರಿಕೆ ಹೇಳಬೇಕಾಗಿದೆ, ಮೇಡಂ. ಭರಣಿಯ ಮಿಡಿಯಲ್ಲಿ ಆಗುವುದೆಲ್ಲವೂ ಅಭಿಸರಣೆಯಲ್ಲ.

ಅಭಿಸರಣೆಗೆ ಆಯ್ದು ಬಿಡುವ, ಸುಸ್ಥಿತಿಯಲ್ಲಿರುವ ಪೊರೆ ಬೇಕು. ಉಪ್ಪಿಗೆ ಸಿಕ್ಕ ಮೊದಲ ಹಂತದಲ್ಲಿ ಮಿಡಿಯ ಕೋಶಗಳು ಜೀವಂತವಾಗಿರುತ್ತವೆ, ಆಗ ನೀರು ಹೊರಗೆ ಹರಿಯುವುದು ನಿಜಕ್ಕೂ ಅಭಿಸರಣೆಯೇ. ಆದರೆ ಅಷ್ಟು ಗಾಢವಾದ ಉಪ್ಪಿನಲ್ಲಿ ಕೋಶಗಳು ಬಹುಕಾಲ ಬದುಕುವುದಿಲ್ಲ. ಕೋಶ ಸತ್ತು ಪೊರೆಯ ಕಟ್ಟು ಬಿಟ್ಟುಹೋದ ಮೇಲೆ ಉಪ್ಪೂ ಒಳಗೆ ನುಗ್ಗುತ್ತದೆ, ಹುಳಿಯೂ ಸೊನೆಯ ಪರಿಮಳವೂ ಹೊರಗೆ ಬರುತ್ತವೆ. ಉಪ್ಪಿನಕಾಯಿಯ ಹೋಳನ್ನು ಕಚ್ಚಿದಾಗ ಒಳಗೂ ಉಪ್ಪಾಗಿರುವುದು ಅದಕ್ಕಾಗಿಯೇ; ಪೊರೆ ಕೊನೆಯವರೆಗೂ ಗಟ್ಟಿಯಾಗಿದ್ದಿದ್ದರೆ ಮಿಡಿಯ ಒಳಭಾಗ ಸಪ್ಪೆಯಾಗಿಯೇ ಉಳಿಯಬೇಕಿತ್ತು. ಇಡೀ ಮಿಡಿ ಸುಕ್ಕುಗಟ್ಟಲು ದಿನಗಳೇ ಬೇಕಾಗುವುದಕ್ಕೂ ಕೋಶಪೊರೆ ಮುಖ್ಯ ಕಾರಣವಲ್ಲ. ಸಿಪ್ಪೆಯ ಹೊರಮೈಯಲ್ಲಿ ಮೇಣದಂಥ ಕ್ಯುಟಿಕಲ್ ಎಂಬ ಪದರವಿದೆ, ಅದು ನೀರನ್ನು ತಡೆಯುತ್ತದೆ. ಹೋಳು ಮಾಡಿದ ಮಾವಿನಕಾಯಿಗೆ ಉಪ್ಪು ಹಾಕಿದರೆ ಗಂಟೆಯೊಳಗೆ ನೀರು ಬಿಡುವುದನ್ನು ಮನೆಯಲ್ಲಿ ಎಲ್ಲರೂ ನೋಡಿದ್ದೇವೆ.

ಜೀವಂತ ಪೊರೆಯನ್ನೇ ತೋರಿಸಬೇಕೆಂದರೆ ಹಿಂದಕ್ಕೆ ಮರಳುವ ಪ್ರಯೋಗ ಬೇಕು. ಕೆಂಪು ಈರುಳ್ಳಿಯ ತಿರುಳಿನ ಎಸಳಿನ ಹೊರಮೈಯಿಂದ ಬಣ್ಣವಿರುವ ತೆಳು ಸಿಪ್ಪೆಯನ್ನು ಚಿಮುಟದಿಂದ ಎಬ್ಬಿಸಿ, ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಹರವಿ ಸೂಕ್ಷ್ಮದರ್ಶಕದಲ್ಲಿ ತೋರಿಸಿ. ಕೋಶಗಳ ತುಂಬ ನಸುನೇರಳೆ ಬಣ್ಣ ಹರಡಿರುತ್ತದೆ. ನಂತರ ಕವರ್‌ಸ್ಲಿಪ್ಪಿನ ಒಂದು ಬದಿಯಲ್ಲಿ ಉಪ್ಪುನೀರಿನ ಹನಿಗಳನ್ನು ಬಿಟ್ಟು, ಇನ್ನೊಂದು ಬದಿಯಿಂದ ಫಿಲ್ಟರ್ ಕಾಗದದಲ್ಲಿ ಹೀರಿಕೊಳ್ಳಿ. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಸಾಕು. ಕೆಲವು ನಿಮಿಷಗಳಲ್ಲಿ ಬಣ್ಣದ ಭಾಗ ಕೋಶಭಿತ್ತಿಯಿಂದ ಬಿಟ್ಟುಕೊಂಡು ನಡುವೆ ಮುದುಡುತ್ತದೆ. ಭಿತ್ತಿ ಇದ್ದಲ್ಲೇ ಇರುತ್ತದೆ, ಪೊರೆ ಮಾತ್ರ ಒಳಕ್ಕೆ ಸರಿಯುತ್ತದೆ. ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಎಂಬುದನ್ನು ಕಣ್ಣಾರೆ ಕಾಣಲು ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ತಡ ಮಾಡದೆ ಶುದ್ಧ ನೀರನ್ನು ಅದೇ ರೀತಿ ಹಾಯಿಸಿದರೆ ಬಣ್ಣ ಮತ್ತೆ ಅಂಚಿನವರೆಗೂ ಹರಡುತ್ತದೆ. ಹಾಗೆ ಹರಡಿದರೆ ಪೊರೆ ಜೀವಂತವಾಗಿದೆ ಎಂದರ್ಥ. ಪದವಿಪೂರ್ವ ತರಗತಿಗಳಲ್ಲಿ ರಿಯೋ ಗಿಡದ ಎಲೆಯ ನೇರಳೆ ಅಡಿಮೈಯಿಂದ ನಾವು ಮಾಡಿಸುವುದೂ ಇದನ್ನೇ.

ಸೂಕ್ಷ್ಮದರ್ಶಕ ಕೈಗೆ ಸಿಗದಿದ್ದರೆ ಬೀಟ್‌ರೂಟ್ ತೆಗೆದುಕೊಳ್ಳಿ. ಹೋಳುಗಳನ್ನು ಮೊದಲು ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಏಕೆಂದರೆ ಚಾಕು ತಗುಲಿದ ಕೋಶಗಳ ಬಣ್ಣ ಹೇಗೂ ಹೊರಗೆ ಬರುತ್ತದೆ. ತೊಳೆದ ಹೋಳುಗಳನ್ನು ತಣ್ಣೀರಿನಲ್ಲಿ ಇಟ್ಟರೆ ನೀರು ಬಹಳ ಹೊತ್ತು ತಿಳಿಯಾಗಿಯೇ ಇರುತ್ತದೆ. ಅದೇ ಹೋಳುಗಳನ್ನು 70 ಡಿಗ್ರಿಯಷ್ಟು ಬಿಸಿಯಾದ ನೀರಿಗೆ ಹಾಕಿ: ಬಣ್ಣ ಹೊರಕ್ಕೆ ಧಾರೆಯಾಗಿ ಇಳಿಯುತ್ತದೆ. ಬೀಟಾಲೇನ್ ಎಂಬ ಆ ಬಣ್ಣ ಇರುವುದು ರಸದಾನಿಯೊಳಗೆ. ಅದು ಹೊರಗೆ ಬರಬೇಕಾದರೆ ರಸದಾನಿಯ ಪೊರೆ, ಕೋಶಪೊರೆ ಎರಡೂ ಕೆಡಬೇಕು. ಶಾಖಕ್ಕೆ ಪೊರೆಯ ಪ್ರೋಟೀನುಗಳು ಸುರುಳಿ ಬಿಚ್ಚಿಕೊಂಡು ಹಾಳಾಗುತ್ತವೆ, ಲಿಪಿಡ್ ಪದರವೂ ಸಡಿಲವಾಗುತ್ತದೆ.

ಮರುಪ್ರಶ್ನೆ — ಶಿಕ್ಷಕಿ, ಶಿರಸಿ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಸೋಮವಾರ ಬೀಟ್‌ರೂಟ್ ಮತ್ತು ಈರುಳ್ಳಿ ಎರಡನ್ನೂ ಮಾಡಿಸಿದೆ. ಉಪ್ಪಿನಕಾಯಿಯ ಬಗ್ಗೆ ನಾನು ಅರ್ಧ ತಪ್ಪು ಹೇಳಿದ್ದೆನೆಂದು ಮಕ್ಕಳ ಮುಂದೆಯೇ ಒಪ್ಪಿಕೊಂಡು ತಿದ್ದಿದೆ. ಈರುಳ್ಳಿಯ ಬಣ್ಣ ಮುದುಡಿ ಮತ್ತೆ ಹರಡಿದ್ದನ್ನು ಪ್ರಶ್ನೆ ಕೇಳಿದ ಹುಡುಗ ಸೂಕ್ಷ್ಮದರ್ಶಕ ಬಿಟ್ಟು ಏಳದೆ ನೋಡಿದ. ಫ್ರಾಂಕ್ಲಿನ್ ಅವರ ಎಣ್ಣೆಯ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿದವಳು ಇನ್ನೊಬ್ಬ ವಿದ್ಯಾರ್ಥಿನಿ. ಅವಳೇ ಮುಂದಿನ ಪ್ರಶ್ನೆಯನ್ನೂ ಕೇಳಿದಳು. ಚಳಿಗಾಲದಲ್ಲಿ ಬೆಳಿಗ್ಗೆ ನಮ್ಮ ಕಡೆ ಸೀಸೆಯ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಆದರೆ ಶೇಂಗಾ ಎಣ್ಣೆ ಆಗುವುದಿಲ್ಲ. ಪೊರೆಯೂ ಕೊಬ್ಬಿನಾಮ್ಲಗಳಿಂದ ಆದದ್ದಾದರೆ ಚಳಿಗೆ ಅದು ಗಟ್ಟಿಯಾಗುವುದಿಲ್ಲವೇ?

ಉತ್ತರ 4 — ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಆಗುತ್ತದೆ, ಮೇಡಂ, ಮತ್ತು ಅದನ್ನು ತಪ್ಪಿಸಲು ಜೀವಿಗಳು ಬಹಳ ಕಷ್ಟಪಡುತ್ತವೆ. ತೆಂಗಿನೆಣ್ಣೆಯ ಬಾಲಗಳಲ್ಲಿ ಹೆಚ್ಚಿನವು ಪರ್ಯಾಪ್ತ, ಅಂದರೆ ಕಾರ್ಬನ್‌ಗಳ ನಡುವೆ ದ್ವಿಬಂಧವಿಲ್ಲದ, ನೆಟ್ಟಗಿನ ಸರಪಳಿಗಳು. ನೆಟ್ಟಗಿನ ಕೋಲುಗಳನ್ನು ಕಟ್ಟು ಕಟ್ಟುವುದು ಸುಲಭ. ಸುಮಾರು 24 ಡಿಗ್ರಿಗಿಂತ ಕೆಳಗೆ ಅವು ಒತ್ತಾಗಿ ಜೋಡಿಕೊಂಡು ಗಟ್ಟಿಯಾಗುತ್ತವೆ. ಶೇಂಗಾ ಎಣ್ಣೆಯ ಬಾಲಗಳಲ್ಲಿ ಅಪರ್ಯಾಪ್ತವೇ ಹೆಚ್ಚು. ದ್ವಿಬಂಧವಿರುವಲ್ಲಿ ಸರಪಳಿ ಸೊಟ್ಟಗಾಗಿ, ಸೊಟ್ಟ ಕೋಲುಗಳ ಹೊರೆಯ ಹಾಗೆ ನಡುನಡುವೆ ಸಂದಿ ಉಳಿಯುತ್ತದೆ. ಪೊರೆಯ ಫಾಸ್ಫೋಲಿಪಿಡ್‌ಗಳಲ್ಲಿ ಸಾಮಾನ್ಯವಾಗಿ ಒಂದು ಬಾಲ ನೆಟ್ಟಗೆ, ಇನ್ನೊಂದು ಸೊಟ್ಟಗೆ ಇರುತ್ತದೆ. ಅದಕ್ಕೇ ಪೊರೆ ಗಟ್ಟಿಯೂ ಅಲ್ಲದ, ತೀರ ತೆಳುವೂ ಅಲ್ಲದ ದ್ರವವಾಗಿರುತ್ತದೆ.

ದ್ರವ ಎಂಬುದನ್ನು ಬರೀ ಹೋಲಿಕೆಯಾಗಿ ಹೇಳುತ್ತಿಲ್ಲ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಅವರು ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಕೂಡಿಸಿ ಒಂದೇ ಕೋಶ ಮಾಡಿ, ಎರಡರ ಪೊರೆಯ ಪ್ರೋಟೀನುಗಳಿಗೆ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುವ ಗುರುತು ಹಾಕಿದರು. ಮೊದಲು ಅರ್ಧಕ್ಕೊಂದು ಬಣ್ಣವಿತ್ತು. 37 ಡಿಗ್ರಿಯಲ್ಲಿ 40 ನಿಮಿಷ ಕಳೆಯುವಷ್ಟರಲ್ಲಿ ಎರಡೂ ಪೂರ್ತಿ ಬೆರೆತುಹೋಗಿದ್ದವು. ತಣ್ಣಗೆ ಇಟ್ಟಾಗ ಬೆರೆಯಲಿಲ್ಲ. ಲಿಪಿಡ್ ಅಣುವಾದರೆ ತನ್ನ ಪದರದೊಳಗೆ ಸೆಕೆಂಡಿಗೆ 2 ಮೈಕ್ರೋಮೀಟರ್‌ನಷ್ಟು, ಅಂದರೆ ಒಂದು ಬ್ಯಾಕ್ಟೀರಿಯದ ಉದ್ದದಷ್ಟು ದೂರ ಸರಿಯಬಲ್ಲದು. ಈ ಪದರದಿಂದ ಆ ಪದರಕ್ಕೆ ತಿರುಗಿ ಹೋಗುವುದು ಮಾತ್ರ ಅಪರೂಪ, ಏಕೆಂದರೆ ಅದರ ತಲೆ ಎಣ್ಣೆಯ ಭಾಗವನ್ನು ಹಾಯಬೇಕಾಗುತ್ತದೆ. ಅಗತ್ಯವಿದ್ದಾಗ ಆ ಕೆಲಸಕ್ಕೆಂದೇ ಕಿಣ್ವಗಳಿವೆ.

ಚಳಿ ಹೆಚ್ಚಿದಾಗ ಅನೇಕ ಬ್ಯಾಕ್ಟೀರಿಯಗಳೂ ಮೀನುಗಳೂ ಸಸ್ಯಗಳೂ ಪೊರೆಯಲ್ಲಿ ಸೊಟ್ಟ ಬಾಲಗಳ ಪ್ರಮಾಣವನ್ನು ಹೆಚ್ಚಿಸಿಕೊಳ್ಳುತ್ತವೆ. ಪ್ರಾಣಿಕೋಶಗಳಲ್ಲಿ ಕೊಲೆಸ್ಟ್ರಾಲ್ ಕೂಡ ಇದೆ: ಬೆಚ್ಚಗಿರುವಾಗ ಅದು ಬಾಲಗಳ ಅಲುಗಾಟವನ್ನು ತಡೆಯುತ್ತದೆ, ತಣ್ಣಗಾದಾಗ ಬಾಲಗಳು ಒತ್ತೊತ್ತಾಗಿ ಕಟ್ಟಿಕೊಳ್ಳದಂತೆ ನಡುವೆ ನಿಲ್ಲುತ್ತದೆ. ಕೊಲೆಸ್ಟ್ರಾಲ್ ಎಂದರೆ ರೋಗದ ಹೆಸರು ಎಂದು ತಿಳಿದಿರುವ ಮಕ್ಕಳಿಗೆ ಇದನ್ನು ದಯವಿಟ್ಟು ಹೇಳಿ. ಅದಿಲ್ಲದೆ ನಮ್ಮ ಒಂದು ಕೋಶವೂ ಸರಿಯಾಗಿ ನಿಲ್ಲದು. ಸಸ್ಯಗಳಲ್ಲಿ ಅದೇ ಕುಟುಂಬದ ಬೇರೆ ಸ್ಟೆರಾಲ್‌ಗಳು ಈ ಕೆಲಸ ಮಾಡುತ್ತವೆ.

ಹೊಂದಿಕೊಳ್ಳಲಾಗದ ಸಸ್ಯದ ಉದಾಹರಣೆ ಬೇಕಾದರೆ ಬಾಳೆಹಣ್ಣನ್ನು ತೋರಿಸಿ. ಬೆಚ್ಚನೆಯ ಪ್ರದೇಶದ ಬೆಳೆಯಾದ ಬಾಳೆಗೆ ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪು ಆಗದು. ಫ್ರಿಜ್‌ನಲ್ಲಿ ಇಟ್ಟಾಗ ಸಿಪ್ಪೆಯ ಕೋಶಗಳ ಪೊರೆಗಳು ಬಿಗಿಯಾಗಿ, ಸೋರತೊಡಗಿ, ಅಲ್ಲಿಯವರೆಗೆ ಬೇರೆ ಬೇರೆ ಕೋಣೆಗಳಲ್ಲಿದ್ದ ಫೀನಾಲ್‌ಗಳೂ ಅವುಗಳನ್ನು ಕಪ್ಪಾಗಿಸುವ ಕಿಣ್ವವೂ ಒಂದೆಡೆ ಸೇರುತ್ತವೆ. ಒಂದು ಹಣ್ಣನ್ನು ಫ್ರಿಜ್‌ನಲ್ಲಿ, ಅದೇ ಚಿಪ್ಪಿನ ಇನ್ನೊಂದನ್ನು ಹೊರಗೆ ಇಟ್ಟು ಎರಡು ದಿನಗಳ ನಂತರ ಪಕ್ಕಪಕ್ಕದಲ್ಲಿ ಇರಿಸಿದರೆ, ತಣ್ಣಗಿದ್ದ ಹಣ್ಣಿನ ಸಿಪ್ಪೆಯೇ ಹೆಚ್ಚು ಕಪ್ಪಾಗಿರುವುದು ಆ ವಿದ್ಯಾರ್ಥಿನಿಗೆ ಕಾಣುತ್ತದೆ.